ಲೈಸೆನ್ಸ್ ‘ರೀಆಕ್ಟಿವೇಟ್’ ಮಾಡುವುದಕ್ಕೆ ಕನ್ನಡದಲ್ಲಿ ಏನೆಂದು ಬರೆಯಲಿ?

ಎಲ್ಲರಿಗೂ ನಮಸ್ಕಾರ.

ಮಂಡ್ಯದ ನೂರಡಿ ರಸ್ತೆಯ ಹತ್ತಿರ ನನ್ನದೊಂದು ಕಂಪ್ಯೂಟರ್ ರಿಪೇರಿ ಮತ್ತು ಡಿಟಿಪಿ ಅಂಗಡಿ ಇದೆ. ಮದರ್‌ಬೋರ್ಡ್ (ಕಂಪ್ಯೂಟರಿನ ಒಳಗಿನ ಮುಖ್ಯ ಬೋರ್ಡು) ಬದಲಾಯಿಸಿಕೊಂಡು ಹೋಗುವ ಗಿರಾಕಿಗಳಿಗೆ ಕೊಡಲು ಒಂದು ಪುಟದ ಕನ್ನಡ ಹಾಳೆ ಬರೆಯುತ್ತಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು, ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ಹಾಗಾಗಿ ಕ್ಯಾಬಿನೆಟ್ಟು, ಮಾನಿಟರು ಹಳೆಯದೇ ಇರಲಿ, ಬೋರ್ಡು ಪ್ರೊಸೆಸರು ಮಾತ್ರ ಹೊಸದು ಹಾಕಿಕೊಡಿ ಎನ್ನುವವರು ಬರುತ್ತಲೇ ಇರುತ್ತಾರೆ. ಹಾಕಿಕೊಟ್ಟ ಮೇಲೆ ವಿಂಡೋಸ್ ಲೈಸೆನ್ಸನ್ನು ‘ರೀಆಕ್ಟಿವೇಟ್’ ಮಾಡಬೇಕಾಗುತ್ತದೆ, ಅಂದರೆ ಇರುವ ಲೈಸೆನ್ಸನ್ನೇ ಹೊಸ ಬೋರ್ಡಿನಲ್ಲಿ ಮತ್ತೆ ಚಾಲ್ತಿಗೆ ತರಬೇಕಾಗುತ್ತದೆ. ನನ್ನ ಹಾಳೆ ನಿಂತಿರುವುದು ಈ ಒಂದು ಪದದ ಹತ್ತಿರ.

ಇಂಗ್ಲಿಷ್ ಪದವನ್ನೇ ಬರೆದು ಮುಗಿಸಬಹುದಿತ್ತು. ಹಾಗೆ ಮಾಡದಿರಲು ಕಾರಣವಿದೆ. ಕೆಲವು ತಿಂಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಬೇರೆ ಕಡೆ ಬೋರ್ಡ್ ಹಾಕಿಸಿದ್ದರು. ಅಲ್ಲಿ ಕೊಟ್ಟ ಚೀಟಿಯಲ್ಲಿ ‘ವಿಂಡೋಸ್ ಪರವಾನಗಿ ನವೀಕರಿಸಬೇಕು’ ಎಂದು ಬರೆದಿತ್ತು. ಮೇಷ್ಟ್ರು ಅದನ್ನು ಡ್ರೈವಿಂಗ್ ಲೈಸೆನ್ಸಿನ ಹಾಗೆಯೇ ಓದಿಕೊಂಡರು. ಅವಧಿ ಮುಗಿದಿದೆ, ದುಡ್ಡು ಕಟ್ಟಬೇಕು ಎಂದುಕೊಂಡು ಹೊಸ ಲೈಸೆನ್ಸನ್ನೇ ಕೊಂಡರು. ಅವರ ಹಳೆಯ ಲೈಸೆನ್ಸ್ ಅಂಗಡಿಯಲ್ಲಿ ಬಿಡಿಯಾಗಿ ಕೊಂಡದ್ದು. ಅಂಥದ್ದನ್ನು ಒಂದು ಕಂಪ್ಯೂಟರಿನಿಂದ ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳಬಹುದು, ಅದಕ್ಕೆ ಒಂದು ಪೈಸೆಯೂ ಬೇಕಿರಲಿಲ್ಲ. ಚೀಟಿ ಬರೆದವರಿಗೆ ಮೋಸದ ಉದ್ದೇಶ ಇತ್ತೆಂದು ನನಗೆ ಅನ್ನಿಸುವುದಿಲ್ಲ. ಪದ ತಪ್ಪಿತು, ಅಷ್ಟೆ. ಪಿಂಚಣಿಯ ದುಡ್ಡು ಹೋಯಿತು.

‘ನವೀಕರಣ’ದ ಮೇಲೆ ಈಗ ಬಹಳ ಭಾರ ಬಿದ್ದಿದೆ. ದೇವಸ್ಥಾನಕ್ಕೆ ಸುಣ್ಣಬಣ್ಣ ಹೊಡೆದು ಕಲ್ಲು ಕೂರಿಸುವುದೂ ನವೀಕರಣ, ಕೋವಿ ಲೈಸೆನ್ಸಿನ ಅವಧಿ ಮುಂದುವರಿಸುವುದೂ ನವೀಕರಣ, ಫೋನಿನಲ್ಲಿ ಬರುವ ‘ಅಪ್‌ಡೇಟ್’ ಕೂಡ ನವೀಕರಣ. ಹಾರ್ಡ್‌ವೇರ್ ‘ಅಪ್‌ಗ್ರೇಡ್’ಗೂ ಅದನ್ನೇ ಬಳಸಿದವರುಂಟು. ‘ಯಂತ್ರಾಂಶ ನವೀಕರಣದ ನಂತರ ಪರವಾನಗಿ ನವೀಕರಣ’ ಎಂದು ಬರೆದರೆ ಎರಡು ನವೀಕರಣಗಳ ನಡುವೆ ಓದುವವರು ಕಳೆದುಹೋಗುತ್ತಾರೆ. ಅಪ್‌ಗ್ರೇಡ್‌ಗೆ ಆಸ್ಪತ್ರೆ, ಶಾಲೆಗಳ ವಿಷಯದಲ್ಲಿ ಹೇಳುವ ‘ಮೇಲ್ದರ್ಜೆಗೇರಿಸು’ ಇದೆ. ಆದರೆ ನನ್ನ ಹಾಳೆಯಲ್ಲಿ ‘ಹೊಸ ಬೋರ್ಡ್ ಹಾಕಿಸಿದ ಮೇಲೆ’ ಎಂದೇ ಬರೆದುಕೊಂಡಿದ್ದೇನೆ.

ಇನ್ನು ‘ಸಕ್ರಿಯಗೊಳಿಸು’. ಕನ್ನಡಕ್ಕೆ ಬಂದ ತಂತ್ರಾಂಶಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದರ ಎದುರು ಪದ ‘ನಿಷ್ಕ್ರಿಯ’. ಬ್ಯಾಂಕಿನಲ್ಲಿ ವ್ಯವಹಾರ ಮಾಡದೆ ಬಿಟ್ಟ ಉಳಿತಾಯ ಖಾತೆಗೆ ಹಾಗೆನ್ನುತ್ತಾರೆ, ಅದು ಜನಕ್ಕೆ ಗೊತ್ತು. ‘ಮರುಸಕ್ರಿಯಗೊಳಿಸಿ’ ಎಂದು ಓದಿದವರು ಕಂಪ್ಯೂಟರ್ ಏನೋ ನಿಂತುಹೋಗಿದೆ ಎಂದುಕೊಳ್ಳುತ್ತಾರೆ. ನಿಂತಿರುವುದಿಲ್ಲ. ಪರದೆಯ ಕೆಳಗೆ ಬಲಮೂಲೆಯಲ್ಲಿ ಮಸುಕಾಗಿ ಒಂದು ಬರಹ ಕಾಣುತ್ತದೆ, ವಾಲ್‌ಪೇಪರ್, ಬಣ್ಣ ಬದಲಾಯಿಸುವ ಸೆಟ್ಟಿಂಗ್ ಕೈಗೆ ಸಿಗುವುದಿಲ್ಲ. ಫೈಲುಗಳು ಇದ್ದಲ್ಲೇ ಇರುತ್ತವೆ. ಕನ್ನಡ ಟೈಪ್ ಮಾಡುವ ‘ನುಡಿ’, ‘ಬರಹ’ ತಂತ್ರಾಂಶಗಳು ಎಂದಿನಂತೆ ತೆರೆಯುತ್ತವೆ. ‘ಪುನಶ್ಚೇತನ’ವಂತೂ ಇಲ್ಲಿ ಸಲ್ಲದು. ಮಂಡ್ಯದವರು ಆ ಪದವನ್ನು ಮೈಶುಗರ್ ಕಾರ್ಖಾನೆಯ ಸುದ್ದಿಯಲ್ಲಿ ಓದಿ ಓದಿ ಬಲ್ಲರು. ಗಾಣ ನಿಂತು ಮತ್ತೆ ಕಬ್ಬು ಅರೆಯಲು ಶುರುವಾದರೆ ಅದು ಪುನಶ್ಚೇತನ.

ನಿಜವಾಗಿ ಆಗುವುದೇನು? 2001ರಲ್ಲಿ ಎಕ್ಸ್‌ಪಿ ಎಂಬ ಆವೃತ್ತಿ ಬಂದಾಗಿನಿಂದ ವಿಂಡೋಸ್ ತಾನು ಕೂತ ಯಂತ್ರದ ಭಾಗಗಳನ್ನು ನೋಡಿ ಒಂದು ಗುರುತು ಮಾಡಿಕೊಳ್ಳುತ್ತದೆ. ಲೈಸೆನ್ಸ್ ಆ ಗುರುತಿಗೆ ಅಂಟಿರುತ್ತದೆ. ರ‍್ಯಾಮ್ ಹೆಚ್ಚಿಸಿದರೆ, ಡಿಸ್ಕ್ ಬದಲಾಯಿಸಿದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಬೋರ್ಡೇ ಬದಲಾದರೆ ಇದು ಬೇರೆ ಕಂಪ್ಯೂಟರ್ ಎಂದು ಅದು ತಿಳಿಯುತ್ತದೆ. ಲೈಸೆನ್ಸ್ ಕಳೆದಿಲ್ಲ, ಅವಧಿ ಮುಗಿದಿಲ್ಲ, ರದ್ದೂ ಆಗಿಲ್ಲ. ಅದು ಯಾರ ಹೆಸರಲ್ಲಿತ್ತೋ ಆ ಬೋರ್ಡು ಈಗ ಅಲ್ಲಿಲ್ಲ.

‘ಹೆಸರಲ್ಲಿ’ ಎಂಬ ಮಾತು ನನ್ನದಲ್ಲ. ಇದನ್ನೆಲ್ಲ ವಿವರಿಸುತ್ತಿದ್ದಾಗ, ಆಲೆಮನೆ ಲೆಕ್ಕಕ್ಕೆ ಕಂಪ್ಯೂಟರ್ ಇಟ್ಟುಕೊಂಡಿರುವ ಗೌಡರೊಬ್ಬರು ನಡುವೆ ಬಾಯಿ ಹಾಕಿದರು. “ಹಂಗಂದ್ರೆ ಲೈಸೆನ್ಸು ಹಳೇ ಬೋರ್ಡ್ ಹೆಸರಲ್ಲೇ ಅದೆ ಅನ್ನು. ಹೊಸದರ ಹೆಸರಿಗೆ ಖಾತೆ ಮಾಡಿಸ್ಬೇಕು, ಅಷ್ಟೇ ತಾನೆ?” ನಾನು ಹತ್ತು ನಿಮಿಷ ಹೇಳಿದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿದರು. ಮಾರನೆಯ ದಿನದಿಂದ ನಾನೂ ಹಾಗೇ ಹೇಳುತ್ತಿದ್ದೇನೆ. ಯಾರೂ ಎರಡನೇ ಸಲ ಕೇಳಿಲ್ಲ.

ಗೌಡರ ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಬರುತ್ತದೆ. ಕಂಪ್ಯೂಟರಿನ ಜೊತೆಗೇ ಬಂದ ಲೈಸೆನ್ಸಿನದು ಬೇರೆ ಕಟ್ಟಳೆ. ಅದು ಆ ಯಂತ್ರಕ್ಕೇ ಸೇರಿದ್ದು. ಬೋರ್ಡ್ ಕೆಟ್ಟು ತಯಾರಕರೇ ವಾರಂಟಿಯಲ್ಲಿ ಬದಲಿಸಿಕೊಟ್ಟರೆ ಸರಿ, ನಾವಾಗಿ ಬೇರೆ ಬೋರ್ಡ್ ಹಾಕಿದರೆ ಅದು ಜೊತೆಗೆ ಬರುವುದಿಲ್ಲ. ಇದಕ್ಕೆ ‘ವರ್ಗಾಯಿಸಲಾಗದು’ ಎಂದು ಬರೆದಿದ್ದೆ. ವರ್ಗ ಎಂದರೆ ನೌಕರರ ವರ್ಗ ನೆನಪಾಗುತ್ತದೆ, ಬಿಗಿ ಸಾಲದು. ಸರ್ಕಾರದಿಂದ ಮಂಜೂರಾದ ಜಮೀನಿನ ಕಾಗದಗಳಲ್ಲಿ ‘ಪರಭಾರೆ ಮಾಡುವಂತಿಲ್ಲ’ ಎಂಬ ಷರತ್ತು ಇರುತ್ತದಲ್ಲ, ಅದೇ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಅನುಭವಿಸಬಹುದು, ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಪರಭಾರೆ ಎಂದರೆ ಅಜ್ಜಿಯರಿಗೂ ಅರ್ಥವಾಗುತ್ತದೆ.

ಹಾಗಾದರೆ ‘ಖಾತೆ ಬದಲಾವಣೆ’ ಎಂದೇ ಬರೆದುಬಿಡಲೇ? ತೊಡಕು ಬಂದದ್ದು ಇಲ್ಲೇ. 2016ರಿಂದ ವಿಂಡೋಸ್ 10ರಲ್ಲಿ ಲೈಸೆನ್ಸನ್ನು ನಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿ ಇಡಬಹುದು. ಬೋರ್ಡ್ ತೆಗೆಯುವ ಮೊದಲೇ ಜೋಡಿಸಿದ್ದರೆ, ಹೊಸ ಬೋರ್ಡಿನಲ್ಲಿ ಅದೇ ಅಕೌಂಟಿನಿಂದ ಒಳಗೆ ಹೋಗಿ, ಆಕ್ಟಿವೇಶನ್ ಪುಟದ ಟ್ರಬಲ್‌ಶೂಟ್ ಒತ್ತಿ, ಈಚೆಗೆ ಹಾರ್ಡ್‌ವೇರ್ ಬದಲಾಯಿಸಿದ್ದೇನೆ ಎಂಬುದನ್ನು ಆರಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಹಾಳೆಯಲ್ಲಿ ನಾನು ದಪ್ಪ ಅಕ್ಷರದಲ್ಲಿ ಹಾಕಬೇಕೆಂದಿರುವ ಸಾಲೇ ಇದು. ಆದರೆ ಅಕೌಂಟಿಗೂ ಕನ್ನಡದಲ್ಲಿ ‘ಖಾತೆ’ಯೇ ಅಲ್ಲವೇ? ‘ಖಾತೆ ಬದಲಾವಣೆ ಮಾಡಲು ಖಾತೆಗೆ ಜೋಡಿಸಿ’ ಎಂದಾಗುತ್ತದೆ. ಬ್ಯಾಂಕಿನದು, ಜಮೀನಿನದು, ಮಂತ್ರಿಗಳದು ಎಲ್ಲವೂ ಖಾತೆಯೇ ಆದರೂ ಮಾತಿನಲ್ಲಿ ಗೊಂದಲವಾಗುವುದಿಲ್ಲ, ಸಂದರ್ಭ ಕಾಪಾಡುತ್ತದೆ. ಒಂದೇ ವಾಕ್ಯದಲ್ಲಿ ಎರಡು ಬಂದರೆ ಕಾಪಾಡುವುದಿಲ್ಲ.

‘ಸಿಂಧು’, ‘ಊರ್ಜಿತ’ ಇವುಗಳನ್ನೂ ಯೋಚಿಸಿದೆ. ನಾಮಪತ್ರ ಸಿಂಧುವಾಯಿತು, ಮತ ಅಸಿಂಧುವಾಯಿತು ಎನ್ನುವಲ್ಲಿ ಅಧಿಕಾರವುಳ್ಳವರು ಪರಿಶೀಲಿಸಿ ಒಪ್ಪಿದರು ಎಂಬ ಅರ್ಥವಿದೆ, ಅದು ಈ ಕೆಲಸಕ್ಕೆ ಹತ್ತಿರ. ಆದರೆ ‘ನಿಮ್ಮ ಲೈಸೆನ್ಸ್ ಸಿಂಧುವಾಗಿಲ್ಲ’ ಎಂದರೆ ಕಳ್ಳ ಮಾಲು ಎಂದಹಾಗೆ ಕೇಳಿಸುತ್ತದೆ. ಪ್ರಾಮಾಣಿಕವಾಗಿ ಕೊಂಡವರಿಗೆ ಹಾಗೆ ಹೇಳಲು ನನಗೆ ಮನಸ್ಸಿಲ್ಲ.

ಲೈಸೆನ್ಸಿನ ಗುರುತಾದ, ಅಕ್ಷರ ಅಂಕಿ ಸೇರಿ 25 ಇರುವ ‘ಪ್ರಾಡಕ್ಟ್ ಕೀ’ಗೂ ‘ಕೀಲಿ’ ಎಂದು ಬರೆದು ಅಳಿಸಿದೆ. ನಮ್ಮ ಕಡೆ ಬೀಗದ ಕೈ. ಹುಬ್ಬಳ್ಳಿ, ಧಾರವಾಡದ ಕಡೆ ಕೀಲಿ ಎಂದರೆ ಬೀಗವೇ, ತೆರೆಯುವುದು ಕೀಲಿಕೈ. ‘25 ಅಕ್ಷರದ ಸಂಖ್ಯೆ’ ಎಂದರೂ ತಪ್ಪು, ಅದರಲ್ಲಿ ಅಂಕಿಯೂ ಇವೆ ಅಕ್ಷರವೂ ಇವೆ. ಸದ್ಯಕ್ಕೆ ‘ಕೀ’ ಎಂದೇ ಬಿಟ್ಟಿದ್ದೇನೆ.

ಈಗ ಹಾಳೆಯಲ್ಲಿರುವ ಸಾಲು ಇದು: ‘ಹೊಸ ಬೋರ್ಡ್ ಹಾಕಿಸಿದ ಮೇಲೆ ನಿಮ್ಮ ವಿಂಡೋಸ್ ಲೈಸೆನ್ಸನ್ನು ಅದರ ಹೆಸರಿಗೆ ಮಾಡಿಸಿಕೊಳ್ಳಬೇಕು. ಬಿಡಿಯಾಗಿ ಕೊಂಡ ಲೈಸೆನ್ಸಾದರೆ ಇದಕ್ಕೆ ದುಡ್ಡು ಕಟ್ಟಬೇಕಿಲ್ಲ. ಕಂಪ್ಯೂಟರ್ ಜೊತೆಗೇ ಬಂದ ಲೈಸೆನ್ಸಾದರೆ ಪರಭಾರೆ ಆಗುವುದಿಲ್ಲ, ಮೊದಲೇ ಕೇಳಿ.’ ಖಾತೆಯನ್ನು ಬಿಟ್ಟು ‘ಹೆಸರಿಗೆ ಮಾಡಿಸು’ ಉಳಿಸಿಕೊಂಡಿದ್ದೇನೆ, ಅಕೌಂಟನ್ನು ಅಕೌಂಟ್ ಎಂದೇ ಬರೆದಿದ್ದೇನೆ.

ಬಲ್ಲವರು ಎರಡು ವಿಷಯ ತಿಳಿಸಬೇಕು. ‘ಹೆಸರಿಗೆ ಮಾಡಿಸು’ ಎಂಬುದು ಮನುಷ್ಯರಿಗಲ್ಲದೆ ಒಂದು ವಸ್ತುವಿಗೆ, ಇಲ್ಲಿ ಬೋರ್ಡಿಗೆ, ಬರಹದಲ್ಲಿ ಒಗ್ಗುತ್ತದೆಯೇ? ದೇವರ ಹೆಸರಿಗೆ ಜಮೀನು ಮಾಡಿಸುವುದುಂಟು, ಆದರೆ ಅದು ಬೇರೆ ಮಾತು. ಎರಡನೆಯದು, ಕರಾವಳಿ ಮತ್ತು ಉತ್ತರ ಕರ್ನಾಟಕದವರಿಗೆ: ‘ಪರಭಾರೆ’ ನಿಮ್ಮ ಕಡೆ ದಿನದ ಮಾತಿನಲ್ಲಿ ಇದೆಯೇ, ಅಥವಾ ಕಾಗದಪತ್ರದಲ್ಲಿ ಮಾತ್ರವೇ? ಇಲ್ಲವಾದರೆ ಆ ಜಾಗದಲ್ಲಿ ನೀವು ಏನನ್ನುತ್ತೀರಿ?