ಸಹಾಯ ಬೇಕು: ಹೊರದೇಶದ ನರ್ಸ್‌ಗಳ ಸಂಘದ ಜೊತೆ ಕೈಜೋಡಿಸುವುದು ಹೇಗೆ?

ನಮಸ್ಕಾರ. ಹಾಸನದಲ್ಲಿ ನಾವು 14 ನರ್ಸ್‌ಗಳು ಸೇರಿ ಚಿಕ್ಕ ಗುಂಪು ಕಟ್ಟಿಕೊಂಡಿದ್ದೇವೆ. ಹೊರದೇಶದ ನರ್ಸ್‌ಗಳ ಜೊತೆ ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿ ಕೂತು ಕಲಿಯುವ, ಕಲಿಸುವ ಆಸೆ. ಜಿನೀವಾದ ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿ 1899ರಲ್ಲೇ ಹುಟ್ಟಿದ್ದು. ಆದರೆ ಅದರ ಸದಸ್ಯರು ಆಯಾ ದೇಶದ ಸಂಘಗಳು. ನಮ್ಮಲ್ಲಿ ಅದು 1908ರ ಟಿಎನ್‌ಎಐ, ಅಂದರೆ ಭಾರತದ ತರಬೇತಿ ಪಡೆದ ನರ್ಸ್‌ಗಳ ಸಂಘ. ಹಾಗಾಗಿ ನಮ್ಮಷ್ಟೇ ಚಿಕ್ಕ ಗುಂಪು ಹುಡುಕುತ್ತಿದ್ದೇವೆ.

ಸುಮ್ನೆ ಕೇಳುತ್ತಿಲ್ಲ, ಕೊಡಲೂ ನಮ್ಮ ಹತ್ತಿರ ಇದೆ. ಸಕಲೇಶಪುರದ ಕಾಫಿ ತೋಟಗಳಿಂದ ಹಾವು ಕಚ್ಚಿಸಿಕೊಂಡವರು ಬರುತ್ತಾರೆ. ಕಾಲಿನ ಬಾವು ಎಲ್ಲಿಗೆ ಏರಿತು ಅಂತ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲೇ ಸಮಯ ಬರೆದು ಕಾಯುತ್ತೇವೆ. ಇಂಥದ್ದು ಅಲ್ಲಿಯವರು ನೋಡಿರುವುದು ಕಡಿಮೆ, ಅಲ್ವಾ? ನಮಗೆ ಬೇಕಿರುವುದು ಮನೆಯಲ್ಲೇ ಹಾಸಿಗೆ ಹಿಡಿದವರ ಆರೈಕೆಯ ಪಾಠ.

ಬ್ರಿಟನ್, ಐರ್ಲೆಂಡ್‌ನಲ್ಲಿ ಕೆಲಸ ಮಾಡುವ ಕನ್ನಡದವರು ಇಲ್ಲಿದ್ದೀರಾ? ಮೊದಲ ಪತ್ರ ಯಾರಿಗೆ ಬರೆಯಬೇಕು? ಗುಂಪು ನೋಂದಣಿ ಆಗಿರಲೇಬೇಕಾ? ದಯವಿಟ್ಟು ತಿಳಿಸಿ.