ಧನಿಯಾ ಹುರಿದು ಮಾಡಿದ ಸಾರಿನ ಪುಡಿ ಕಹಿ, ಸಾರಿನ ತಳದಲ್ಲಿ ಗಸಿ. ತಪ್ಪೆಲ್ಲಿ?

ಒಗ್ಗರಣೆ_ಸೌಟು (ಬೆಂಗಳೂರು):
ಅಳತೆ ಹೀಗಿದೆ: ಧನಿಯಾ 100 ಗ್ರಾಂ, ಬ್ಯಾಡಗಿ 60, ಗುಂಟೂರು 20, ಜೀರಿಗೆ 25, ಮೆಣಸು 15, ಮೆಂತ್ಯ 20, ಸಾಸಿವೆ 5. ಎಲ್ಲಾ ಒಟ್ಟಿಗೆ ಬಾಣಲೆಗೆ ಹಾಕಿ, ಧನಿಯಾ ಕಂದು ಬಣ್ಣಕ್ಕೆ ಬರೋವರೆಗೂ ಹುರಿದು, ಬಿಸಿ ಇರುವಾಗಲೇ ಮಿಕ್ಸಿಗೆ ಹಾಕಿದ್ದು. ಸಾರು ಕುಡಿದ ಮೇಲೆ ಕಹಿ ನಾಲಿಗೆಯಲ್ಲೇ ನಿಲ್ಲುತ್ತೆ, ತಳದಲ್ಲಿ ಮರಳಿನ ಹಾಗೆ ಗಸಿ. ಮೂರೇ ದಿನಕ್ಕೆ ಡಬ್ಬದಲ್ಲಿ ಪುಡಿ ಗಂಟು ಕಟ್ಟಿದೆ. ಉಳಿಸಿಕೊಳ್ಳೋಕೆ ದಾರಿ ಇದೆಯಾ?

ತಿಳಿಸಾರು:
ಮೆಂತ್ಯ ವಿಪರೀತ ಆಯ್ತು. 100 ಗ್ರಾಂ ಧನಿಯಾಗೆ 8 ಗ್ರಾಂ ಸಾಕು, ಅಂದ್ರೆ ಎರಡು ಟೀ ಚಮಚ. ಅದಕ್ಕಿಂತ ದೊಡ್ಡ ತಪ್ಪು ಒಟ್ಟಿಗೆ ಹುರಿದಿದ್ದು. ಧನಿಯಾ ಹದಕ್ಕೆ ಬರೋ ಹೊತ್ತಿಗೆ ಜೀರಿಗೆ ಸೀದು ಹೋಗಿರುತ್ತೆ, ಮೆಂತ್ಯ ಕೆಂಪಗಾಗಿ ಕಹಿ ಬಿಟ್ಟಿರುತ್ತೆ. ಒಂದೊಂದನ್ನೇ ಹುರೀರಿ.

ಧನಿಯಾಗೆ ಎಣ್ಣೆ ಬೇಡ. ದಪ್ಪ ತಳದ ಬಾಣಲೆ, ಸಣ್ಣ ಉರಿ, 100 ಗ್ರಾಂಗೆ ನಾಲ್ಕೈದು ನಿಮಿಷ, ಕೈ ಬಿಡದೆ ಆಡಿಸ್ತಾ ಇರಿ. ಬಣ್ಣ ನೋಡ್ಕೊಂಡು ಕೂತರೆ ತಡ ಆಗುತ್ತೆ. ಘಮ ಎದ್ದ ತಕ್ಷಣ ಒಂದು ಕಾಳು ಕಚ್ಚಿ ನೋಡಿ: ಹಲ್ಲಿಗೆ ಬಗ್ಗದೆ ಪಟಕ್ಕನೆ ಒಡೆದರೆ ಹದ ಬಂತು. ಕೂಡಲೇ ತಟ್ಟೆಗೆ ಸುರೀರಿ. ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟರೆ ಆ ಕಾವಿಗೇ ಇನ್ನಷ್ಟು ಹುರಿಯುತ್ತೆ.

ಆಗಿರೋ ಪುಡಿಗೆ ಇನ್ನೂ 150 ಗ್ರಾಂ ಧನಿಯಾ ಹದವಾಗಿ ಹುರಿದು ಪುಡಿ ಮಾಡಿ ಬೆರೆಸಿ. ಮೆಂತ್ಯದ ಲೆಕ್ಕ 100ಕ್ಕೆ 8ಕ್ಕೆ ಇಳಿಯುತ್ತೆ. ಖಾರ ಕಮ್ಮಿ ಆಗುತ್ತೆ, ಸಾರು ಮಾಡುವಾಗ ಅಚ್ಚಖಾರದ ಪುಡಿ ಸೇರಿಸಿಕೊಳ್ಳಿ. ಸೀದ ವಾಸನೆ ಇದ್ದರೆ ಮಾತ್ರ ಇದ್ಯಾವುದೂ ನಡೆಯಲ್ಲ, ಎಸೆಯೋದೇ ಸರಿ.

ಮಿಲ್_ಮುಂದೆ:
ಗಸಿ ಅನ್ನೋದು ಧನಿಯಾದ ಸಿಪ್ಪೆ. ಅದು ನಾರು, ಎಷ್ಟು ಅರೆದರೂ ಕರಗಲ್ಲ. ಪೂರ್ತಿ ಆರಿದ ಮೇಲೆ, ಕಡೇ ಪಕ್ಷ ಅರ್ಧ ಗಂಟೆ ಬಿಟ್ಟು, ಜಾರಿನಲ್ಲಿ ಅರ್ಧದಷ್ಟು ಮಾತ್ರ ತುಂಬಿ, ಹತ್ತು ಸೆಕೆಂಡ್ ತಿರುಗಿಸಿ ನಿಲ್ಲಿಸಿ ಮತ್ತೆ ತಿರುಗಿಸಿ. ಒಂದೇ ಸಮ ಓಡಿಸಿದರೆ ಜಾರ್ ಕಾದು ಪರಿಮಳ ಅಲ್ಲೇ ಹಾರಿ ಹೋಗುತ್ತೆ (ಧನಿಯಾದ ಘಮ ಇರೋದು ಲಿನಲೂಲ್ ಅನ್ನೋ ಆವಿಯಾಗುವ ಅಂಶದಲ್ಲಿ). ಸಣ್ಣ ಜರಡಿ ಹಿಡಿದು, ಉಳಿದ ತರಿಯನ್ನ ಇನ್ನೊಂದು ಸುತ್ತು ಹಾಕಿ. ಆಮೇಲೂ ಉಳಿದದ್ದು ಹುಳಿಗೆ ತೆಂಗಿನಕಾಯಿ ರುಬ್ಬುವಾಗ ಸೇರಲಿ.

ಗಂಟು ಕಟ್ಟಿದ್ದು ಬಿಸಿಯಲ್ಲೇ ಅರೆದದ್ದಕ್ಕೆ. ಹಬೆ ನೀರಾಗಿ ಪುಡಿಗೇ ಇಳಿದಿದೆ. ಮಿಲ್ಲಿಗೆ ಕೊಟ್ಟರೂ ಅಷ್ಟೇ, ಅಲ್ಲಿಂದ ಬರೋದು ಸುಡುಸುಡು ಪುಡಿ. ಪೇಪರ್ ಮೇಲೆ ಹರಡಿ, ಆರಿದ ಮೇಲೇ ಡಬ್ಬಕ್ಕೆ.

ಒಗ್ಗರಣೆ_ಸೌಟು:
ಥ್ಯಾಂಕ್ಸ್. ದಪ್ಪ ಕಾಳಿನ ಧನಿಯಾ ತಗೊಂಡರೆ ಪರಿಮಳ ಜಾಸ್ತಿನಾ? ಬರೀ ಧನಿಯಾ ಪುಡಿಗೂ ಹುರೀಬೇಕಾ?

ಗ್ರಂದಿಗೆ_ಅಂಗಡಿ:
ದಪ್ಪ ಕಾಳು ನೋಡೋಕೆ ಚೆಂದ ಅಷ್ಟೇ. ಸಣ್ಣ ಕಾಳಲ್ಲೇ ಸಾಮಾನ್ಯವಾಗಿ ಎಣ್ಣೆ ಅಂಶ ಹೆಚ್ಚು. ಅಂಗೈಯಲ್ಲಿ ನಾಲ್ಕು ಕಾಳು ಉಜ್ಜಿ ಮೂಸಿ ನೋಡಿ. ಎರಡು ಹೋಳಾದ ಕಾಳು, ಸೂಜಿ ಚುಚ್ಚಿದಂಥ ತೂತು ಇದ್ದರೆ ಬೇಡ. ತೂತು ಅಂದ್ರೆ ಹುಳ.

ಕೂರ್ಮ, ಪನೀರ್ ಗ್ರೇವಿಗೆ ಹಾಕೋ ಪುಡಿಯನ್ನ ಹುರಿಯೋದು ಬೇಡ, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿದರೆ ಸಾಕು. ಹೇಗೂ ಎಣ್ಣೆಯಲ್ಲಿ ಬಾಡುತ್ತಲ್ಲ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಎರಡು ಚಮಚ ಪುಡಿಗೆ ಮೂರು ಚಮಚ ನೀರು ಕಲಸಿ ಎಣ್ಣೆಗೆ ಹಾಕಿ, ಒಣ ಪುಡಿ ಹಾಕಿದರೆ ಕ್ಷಣದಲ್ಲಿ ಕಪ್ಪಾಗುತ್ತೆ. ಎರಡು ತಿಂಗಳಿಗೆ ಆಗುವಷ್ಟೇ ಮಾಡಿ, ಮಿಕ್ಕ ಧನಿಯಾ ಕಾಳಾಗೇ ಇರಲಿ.