ಅಪ್‌ಡೇಟ್: ನಗರಸಭೆಯಿಂದ ಹಳೆ ಮನೆಯ ಪ್ಲಾನ್ ಕೊನೆಗೂ ಸಿಕ್ಕಿತು

ಬ್ಯಾಂಕ್ ಸಾಲಕ್ಕೆ ಹಳೆ ಮನೆಯೊಂದರ ಬೆಲೆ ಕಟ್ಟಬೇಕು, ಮಾಲೀಕರ ಹತ್ತಿರ ಮಂಜೂರಾದ ಪ್ಲಾನ್ ಇಲ್ಲ, ನಗರಸಭೆಯವರು ವ್ಯಾಲ್ಯುಯರ್‌ಗೆ, ಅಂದರೆ ಬೆಲೆ ಕಟ್ಟುವ ನನಗೆ, ಕೊಡುವುದಿಲ್ಲ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಈಗ ಕೆಲಸ ಆಯಿತು.

ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್ ಜಾಲತಾಣದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಎಂದಿದ್ದರು ಕೆಲವರು. ತೆಗೆಸಿದೆ, ಉಪಯೋಗ ಆಗಲಿಲ್ಲ. ಅದರಲ್ಲಿ ಮಾರಾಟ, ಅಡಮಾನ ಕಾಣುತ್ತದೆ. ಎಷ್ಟು ಮಹಡಿಗೆ ಅನುಮತಿ ಇತ್ತು ಅನ್ನೋದು ಕಾಣುವುದಿಲ್ಲ. ತೆರಿಗೆ ರಸೀದಿಯೂ ಅಷ್ಟೇ.

ಕೈ ಹಿಡಿದದ್ದು ಮಾಹಿತಿ ಹಕ್ಕಿನ ಅರ್ಜಿ, ಜೊತೆಗೆ ಮಾಲೀಕರ ಒಪ್ಪಿಗೆ ಪತ್ರ. ಆ ಪತ್ರ ಇಡಿ ಎಂದವರಿಗೆ ದೊಡ್ಡ ಥ್ಯಾಂಕ್ಸ್! ಇದು ಮೂರನೆಯವರ (ಬೇರೊಬ್ಬರ) ಮಾಹಿತಿ, ನಿಮಗೆ ಕೊಡಲಾಗದು ಎಂಬ ತಕರಾರೇ ಬರಲಿಲ್ಲ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಕಾನೂನಿನ ಗಡುವು 30 ದಿನ.

ನನಗೆ ಗೊತ್ತಿಲ್ಲದ್ದು ಎರಡಿದ್ದವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಖಾತೆ, ಪ್ಲಾನ್ ಎಲ್ಲ ಒಟ್ಟಿಗೆ ತುರುಕಬೇಡಿ. ಇನ್ನೊಂದು, ಬರೀ ಪ್ರತಿ ಅಲ್ಲ, ಕಡತವನ್ನೇ ಕೂತು ನೋಡುವ ಹಕ್ಕೂ ಇದೆ. ನೋಡಿದ್ದು ಒಳ್ಳೆಯದಾಯಿತು. ಪ್ಲಾನ್‌ನಲ್ಲಿ ಇದ್ದದ್ದು ನೆಲಮಹಡಿ ಮಾತ್ರ, ಮೇಲಿನದು ಆಮೇಲೆ ಕಟ್ಟಿದ್ದು. ವರದಿಯಲ್ಲಿ ಅದನ್ನು ಬೇರೆಯಾಗಿಯೇ ತೋರಿಸಿದ್ದೇನೆ. ಮಾಲೀಕರಿಗೆ ಸ್ವಲ್ಪ ಬೇಜಾರಾಗಿದೆ, ಏನು ಮಾಡೋದು!